ಅಡುಗೆಮನೆಯ ರಸಾಯನ: ನಿಧಾನದ ಮಡಕೆಯಲ್ಲಿ ಹುಳಿ-ಸಿಹಿ ಕೋಳಿ

ಕಳೆದ ಸಂಚಿಕೆಯಲ್ಲಿ ಪ್ರೆಶರ್ ಕುಕ್ಕರಿನ ಶಿಳ್ಳೆಯ ಲೆಕ್ಕಾಚಾರವನ್ನು ಕುರಿತು ನಾಲ್ಕು ಮಾತು ಬರೆದಿದ್ದೆವು. ಅದನ್ನು ಓದಿದ ಕೆಲವು ಸದಸ್ಯರು, "ಅವಸರದ ಅಡುಗೆ ಆಯಿತು, ಇನ್ನು ನಿಧಾನದ ಅಡುಗೆಯ ವಿಷಯವನ್ನೂ ಬರೆಯಿರಿ; ಆದರೆ ಊರಿನ ಸಾಮಾನು ಹುಡುಕಿಕೊಂಡು ಅಲೆಯುವ ಹಾಗಿರಬಾರದು" ಎಂದು ಅಪ್ಪಣೆ ಮಾಡಿದ್ದಾರೆ. ಚಳಿಗಾಲದ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿದೆ? ಸಂಜೆ ಐದೂವರೆಗೆಲ್ಲ ಕತ್ತಲು, ದಕ್ಷಿಣದ ಗಾಳಿ, ಮಳೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ ನಮ್ಮಲ್ಲಿ ಹೆಚ್ಚು. ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವವರಂತೂ ಬಹಳ. ಹಸಿದು ಬಂದ ಮಕ್ಕಳ ಕೈಗೆ ಬ್ರೆಡ್ಡು ಕೊಟ್ಟು "ಇನ್ನೊಂದು ಗಂಟೆ ತಾಳು" ಎನ್ನುವ ಸಂಕಟ ಯಾರಿಗೆ ತಿಳಿಯದು?

ಇಲ್ಲಿನವರು ಈ ಸಂಕಟಕ್ಕೆ ಕಂಡುಕೊಂಡ ಉಪಾಯ ಸ್ಲೋ ಕುಕ್ಕರ್. ಬಾಯಿಮಾತಿನಲ್ಲಿ ಕ್ರಾಕ್‌ಪಾಟ್ ಎನ್ನುವುದೂ ಉಂಟು. ದಪ್ಪ ಪಿಂಗಾಣಿಯ ಮಡಕೆ, ಅದರ ಸುತ್ತ ವಿದ್ಯುತ್ತಿನ ಸಣ್ಣ ಕಾವು, ಮೇಲೊಂದು ಗಾಜಿನ ಮುಚ್ಚಳ, ಇಷ್ಟೇ. ಇದರ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ ಇದರ ಹಕ್ಕುಪತ್ರ ದೊರೆತದ್ದು 1940ರಲ್ಲಿ. ಲಿಥುವೇನಿಯಾದ ಯಹೂದಿಗಳು ಶುಕ್ರವಾರ ಸಂಜೆ ಕಾಳು, ಮಾಂಸ ತುಂಬಿದ ಮಡಕೆಯನ್ನು ಬೇಕರಿಯ ಒಲೆಯಲ್ಲಿಟ್ಟು, ಸಬ್ಬತ್ತಿನ ದಿನ ಬೆಂಕಿ ಮುಟ್ಟದೆ ಬಿಸಿಯೂಟ ಮಾಡುತ್ತಿದ್ದರೆಂದು ಅವರ ತಾಯಿ ಹೇಳುತ್ತಿದ್ದರಂತೆ; ಆ ಮಾತೇ ಈ ಯಂತ್ರಕ್ಕೆ ಮೂಲ. ರೈವಲ್ ಎಂಬ ಕಂಪನಿ ಅದನ್ನು ಕೊಂಡುಕೊಂಡು 1971ರಲ್ಲಿ ಕ್ರಾಕ್‌ಪಾಟ್ ಎಂದು ಹೆಸರಿಟ್ಟು ಮಾರಿತು.

ನಮಗೇನೂ ಇದು ಪರಕೀಯವಲ್ಲ. ಬೆರಣಿಯ ಕಾವಿನಲ್ಲಿ ದಿನವಿಡೀ ಕಾದು ಕೆಂಪಗಾದ ಹಾಲು, ಆರಿದ ಒಲೆಯ ಕೆಂಡದ ಮೇಲೆ ರಾತ್ರಿಯಿಡೀ ಕೂತ ಹುರುಳಿಕಟ್ಟಿನ ಸಾರು ಇವೆಲ್ಲ ಅದೇ ಜಾತಿಯವು. ಈ ನೆಲದ ಮಾವೋರಿಗಳ ಹಾಂಗಿಯೂ ಅದೇ ತತ್ತ್ವದ್ದು: ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಮಾಂಸ, ಗೆಣಸು ಇಟ್ಟು ಮಣ್ಣು ಮುಚ್ಚಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುವುದು.

ಇನ್ನು ರುಚಿಯ ಮಾತು. ನ್ಯೂಜಿಲೆಂಡಿನ ಮನೆಗಳಲ್ಲಿ 'ಏಪ್ರಿಕಾಟ್ ಚಿಕನ್' ಎಂಬ ಹಳೆಯ ಅಡುಗೆಯೊಂದಿದೆ. ಡಬ್ಬಿಯ ಏಪ್ರಿಕಾಟ್ ರಸ, ಒಂದು ಪೊಟ್ಟಣ ಈರುಳ್ಳಿ ಸೂಪಿನ ಪುಡಿ, ಕೋಳಿ, ಮೂರನ್ನೂ ಸೇರಿಸಿ ಬೇಯಿಸಿದರೆ ಮುಗಿಯಿತು. ಮಾಂಸಕ್ಕೆ ಸಿಹಿಯೇ ಎಂದು ಮೂಗು ಮುರಿಯುವವರು ನಮ್ಮ ಗೊಜ್ಜನ್ನು ನೆನೆಯಲಿ. ಹುಣಸೆ, ಬೆಲ್ಲ, ಮೆಣಸಿನಕಾಯಿ, ಉಪ್ಪು ಒಂದನ್ನೊಂದು ತೂಗಿಕೊಂಡು ನಿಲ್ಲುವುದು ನಮಗೆ ಹುಟ್ಟಿನಿಂದ ಬಂದ ರುಚಿ. ಏಪ್ರಿಕಾಟ್ ಎಂದರೆ ಊರಿನ ಒಣಹಣ್ಣಿನ ಅಂಗಡಿಯ ಜರ್ದಾಳುವೇ. ಪಾರ್ಸಿಗಳು ಅದನ್ನು ಕೋಳಿ, ಕುರಿಯ ಜೊತೆ ಬೇಯಿಸುವುದು ಮುಂಬಯಿಯಲ್ಲಿದ್ದವರಿಗೆ ಗೊತ್ತು. ಇಲ್ಲಿ ಸೆಂಟ್ರಲ್ ಒಟಾಗೋದ ರಾಕ್ಸ್‌ಬರ್ಗ್, ಅಲೆಕ್ಸಾಂಡ್ರಾ, ಕ್ರಾಮ್‌ವೆಲ್ ಕಡೆ ಇದು ಬೆಳೆಯುತ್ತದೆ. ಆದ್ದರಿಂದ ನಾವು ಸೂಪಿನ ಪುಡಿಯನ್ನು ಕೈಬಿಟ್ಟು, ಏಪ್ರಿಕಾಟನ್ನು ಉಳಿಸಿಕೊಂಡು, ಗೊಜ್ಜಿನ ದಾರಿ ಹಿಡಿದಿದ್ದೇವೆ.

ಬೇಕಾಗುವ ಸಾಮಗ್ರಿಗಳು (ಐದಾರು ಜನಕ್ಕೆ): ಚರ್ಮ ತೆಗೆದ, ಮೂಳೆಯಿರುವ ಕೋಳಿ ತೊಡೆ 1 ಕಿಲೋ, ದೊಡ್ಡ ಈರುಳ್ಳಿ 2, ಶುಂಠಿ-ಬೆಳ್ಳುಳ್ಳಿ ಅರೆದದ್ದು 1 ದೊಡ್ಡ ಚಮಚ, ಒಣ ಏಪ್ರಿಕಾಟ್ 100 ಗ್ರಾಂ, ನಿಂಬೆಗಾತ್ರದ ಹುಣಸೆಹಣ್ಣು, ಅರ್ಧ ಕಪ್ ಬಿಸಿನೀರಿನಲ್ಲಿ ನೆನೆಸಿ ಕಿವುಚಿದ್ದು, ಬೆಲ್ಲದ ಪುಡಿ 1 ದೊಡ್ಡ ಚಮಚ, ಅರಿಶಿನ ಅರ್ಧ ಚಮಚ, ಉಪ್ಪು ಒಂದೂವರೆ ಚಮಚ, ಎಣ್ಣೆ 2 ದೊಡ್ಡ ಚಮಚ, ಕರಿಬೇವು, ಕೊತ್ತಂಬರಿ ಸೊಪ್ಪು. ಹುರಿದು ಪುಡಿ ಮಾಡಲು: ಬ್ಯಾಡಗಿ ಮೆಣಸಿನಕಾಯಿ 6, ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಜೀರಿಗೆ 1 ಚಮಚ, ಕಾಳುಮೆಣಸು 1 ಚಮಚ, ಮೆಂತ್ಯ ಕಾಲು ಚಮಚ.

ತಯಾರಿಸುವ ವಿಧಾನ: ರಾತ್ರಿಯೇ ಕೋಳಿಗೆ ಅರಿಶಿನ, ಉಪ್ಪು, ಶುಂಠಿ-ಬೆಳ್ಳುಳ್ಳಿ ಸವರಿ, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಿ. ಮಸಾಲೆಯನ್ನೂ ಆಗಲೇ ಪುಡಿ ಮಾಡಿಕೊಳ್ಳಿ. ಬೆಳಗ್ಗೆ ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾಯಿಸಿ, ಕೋಳಿಯನ್ನು ಎರಡೂ ಮಗ್ಗುಲು ಮೂರು ನಾಲ್ಕು ನಿಮಿಷ ಕೆಂಪಗೆ ಹುರಿದು ತೆಗೆಯಿರಿ. ಅದೇ ಬಾಣಲೆಯಲ್ಲಿ ಕರಿಬೇವು, ಈರುಳ್ಳಿ ಹಾಕಿ ಬಣ್ಣ ತಿರುಗುವವರೆಗೆ ಬಾಡಿಸಿ, ಮಸಾಲೆ ಪುಡಿ ಸೇರಿಸಿ ಅರ್ಧ ನಿಮಿಷ ಕೈಯಾಡಿಸಿ, ಹುಣಸೆರಸ ಮತ್ತು ಅರ್ಧ ಕಪ್ ನೀರು ಹಾಕಿ ತಳಕ್ಕಂಟಿದ್ದನ್ನೆಲ್ಲ ಕೆರೆದು ಕುದಿಸಿ. ಕುದಿಯುವುದನ್ನು ಕುದಿಯುತ್ತಿದ್ದಂತೆಯೇ ಕೋಳಿಯ ಜೊತೆ ಮಡಕೆಗೆ ಸುರಿದು, ಅರ್ಧದಷ್ಟು ಏಪ್ರಿಕಾಟ್ ಹಾಕಿ ಮುಚ್ಚಿ. ಸಣ್ಣ ಕಾವಿನಲ್ಲಿ ಆರು ಗಂಟೆ, ದೊಡ್ಡ ಕಾವಿನಲ್ಲಾದರೆ ಮೂರೂವರೆ ಗಂಟೆ. ಕೆಲಸಕ್ಕೆ ಹೋಗುವವರು ಆರು ಗಂಟೆಯ ನಂತರ ತಾನಾಗಿ ಬೆಚ್ಚಗಿಡುವ ಸ್ಥಿತಿಗೆ ತಿರುಗುವಂಥ ಮಡಕೆಯನ್ನು ಕೊಳ್ಳುವುದು ಲೇಸು. ಮನೆಗೆ ಬಂದೊಡನೆ ಉಳಿದ ಏಪ್ರಿಕಾಟ್, ಬೆಲ್ಲ ಸೇರಿಸಿ ದೊಡ್ಡ ಕಾವಿನಲ್ಲಿ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ಅನ್ನವಾಗುತ್ತದೆ. ರಸ ತೆಳುವೆನಿಸಿದರೆ ಒಂದು ಚಮಚ ಅಕ್ಕಿಹಿಟ್ಟು ಕದಡಿ ಸೇರಿಸಿ. ಕೊತ್ತಂಬರಿ ಸೊಪ್ಪು ಉದುರಿಸಿ ಬಡಿಸಿ. ಅನ್ನಕ್ಕೂ ಸರಿ, ಚಪಾತಿಗೂ ಸರಿ, ಮುದ್ದೆಗೆ ಇನ್ನೂ ಸರಿ.

ಈಗ ಇದರ ಹಿಂದಿನ ರಸಾಯನ. ತೊಡೆಯನ್ನೇ ಏಕೆ ಹೇಳಿದೆವು? ಓಡಾಡುವ ಕಾಲಿನ ಮಾಂಸದಲ್ಲಿ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನು ಹೆಚ್ಚು. ಅದು ತೇವದ ಕಾವಿನಲ್ಲಿ ಗಂಟೆಗಟ್ಟಲೆ ಕೂತಾಗ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ಮಾಂಸ ಮೆತ್ತಗಾಗಿ ರಸಕ್ಕೆ ಮೈ ಬರುತ್ತದೆ. ಎದೆಯ ಮಾಂಸದಲ್ಲಿ ಅದು ಕಡಿಮೆಯಾದ್ದರಿಂದ ಆರು ಗಂಟೆಯಲ್ಲಿ ಒಣಗಿ ಹತ್ತಿಯಾಗುತ್ತದೆ. ಮೊದಲೇ ಹುರಿಯುವುದೇಕೆ? ಹುರಿದ ಕಂಪು ಬರುವುದು ಸಕ್ಕರೆಯ ಅಂಶ ಮತ್ತು ಪ್ರೋಟೀನಿನ ಅಂಶಗಳು ಕೂಡಿ ನಡೆಸುವ ಕ್ರಿಯೆಯಿಂದ. ಲೂಯಿ ಕಮೀಯ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದರು. ಅದು ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿರುವ ಮಡಕೆ 100 ಡಿಗ್ರಿಯನ್ನು ದಾಟುವುದೇ ಇಲ್ಲ. ಆದ್ದರಿಂದ ಬಾಣಲೆಯ ಹತ್ತು ನಿಮಿಷವನ್ನು ಉಳಿಸಲು ಹೋದರೆ ಪಥ್ಯದ ಅಡುಗೆಯಾದೀತು. ನೀರು ಇಷ್ಟು ಕಡಿಮೆ ಏಕೆಂದರೆ, ಮುಚ್ಚಳದಲ್ಲಿ ಹಬೆ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಊರಿನ ಅಳತೆಯಲ್ಲಿ ನೀರು ಹಾಕಿದರೆ ಸಾರೇ ಆಗುತ್ತದೆ.

ಒಣ ಏಪ್ರಿಕಾಟಿನ ಹೊಳೆಯುವ ಕಿತ್ತಳೆ ಬಣ್ಣ ಸಲ್ಫರ್ ಡೈಆಕ್ಸೈಡಿನ ಕೃಪೆ. ಪೊಟ್ಟಣದ ಮೇಲೆ 220 ಎಂಬ ಸಂಖ್ಯೆ ಇರುತ್ತದೆ. ಆಸ್ತಮಾ ಇರುವ ಕೆಲವರಿಗೆ ಇದು ಆಗಿಬರುವುದಿಲ್ಲ. ಅಂಥವರ ಮನೆಗೆ 220 ಹಾಕದ ಕಂದುಬಣ್ಣದ ಹಣ್ಣು ತನ್ನಿ. ಬಣ್ಣ ಮಂಕಾದರೂ ರುಚಿಗೆ ಮೋಸವಿಲ್ಲ.

ಇನ್ನು ಈ ಲೇಖನದ ಮುಖ್ಯ ಮಾತು. ನಿಧಾನವೇ ಪ್ರಧಾನ ಎನ್ನುತ್ತಾರೆ. ಈ ಮಡಕೆಯ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ಬೇಯುವುದು ನಿಧಾನವಾಗಲಿ, ಬಿಸಿಯಾಗುವುದು ನಿಧಾನವಾಗಕೂಡದು. 5ರಿಂದ 60 ಡಿಗ್ರಿಯವರೆಗಿನ ನಡುವಿನ ಕಾವು ಸೂಕ್ಷ್ಮಜೀವಿಗಳಿಗೆ ಹಬ್ಬ; ಕೋಳಿ ಆ ದಾರಿಯನ್ನು ಬೇಗ ದಾಟಬೇಕು. ಆದ್ದರಿಂದಲೇ ಕುದಿಯುವ ರಸವನ್ನು ಸುರಿಯಲು ಹೇಳಿದ್ದು. ಗಡ್ಡೆಕಟ್ಟಿದ ಕೋಳಿಯನ್ನು ಫ್ರೀಜರಿನಿಂದ ನೇರವಾಗಿ ಮಡಕೆಗೆ ಹಾಕಬೇಡಿ. ಹಿಂದಿನ ದಿನವೇ ಫ್ರಿಜ್ಜಿನಲ್ಲಿಟ್ಟು ಕರಗಿಸಿಕೊಳ್ಳಿ. ಹಸಿ ಕೋಳಿಯನ್ನು ಬೆಳಗ್ಗೆ ಮಡಕೆಯಲ್ಲಿಟ್ಟು, ಮಧ್ಯಾಹ್ನ ಗಡಿಯಾರ ಅದನ್ನು ಹೊತ್ತಿಸಲಿ ಎಂದು ಬಿಟ್ಟುಹೋಗಬೇಡಿ. ನಡುನಡುವೆ ಮುಚ್ಚಳ ತೆಗೆದು ಇಣುಕಬೇಡಿ. ಬಡಿಸುವ ಮುನ್ನ ದಪ್ಪ ತುಂಡಿನ ನಡುವೆ ಉಷ್ಣಮಾಪಕ ಚುಚ್ಚಿದರೆ 75 ಡಿಗ್ರಿ ತೋರಿಸಬೇಕು. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಒಲೆಯ ಮೇಲೆ ಹಬೆಯಾಡುವಂತೆ ಕಾಯಿಸಿ.

ಇಷ್ಟು ಗದರಿಸುವುದೇಕೆಂದರೆ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಕಾಟದಲ್ಲಿ ನ್ಯೂಜಿಲೆಂಡಿಗೆ ಬೇಡವಾದ ಖ್ಯಾತಿ ಇದೆ. 2006ರಲ್ಲಿ ಈ ದೇಶದಲ್ಲಿ ದಾಖಲಾದ ಪ್ರಕರಣಗಳೇ ಹದಿನೈದು ಸಾವಿರಕ್ಕೂ ಹೆಚ್ಚು. ಕೋಳಿ ಸಂಸ್ಕರಿಸುವಲ್ಲಿ ಬಿಗಿ ನಿಯಮ ತಂದ ಮೇಲೆ 2008ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು; ಆದರೂ ಹೋಗಿಲ್ಲ. ಕೆಲವೇ ನೂರು ಜೀವಿಗಳು ಹೊಟ್ಟೆ ಸೇರಿದರೂ ಸಾಕು, ಜ್ವರ, ಭೇದಿ, ಹೊಟ್ಟೆನೋವು. ಅಪರೂಪಕ್ಕೆ ನರಗಳು ಸೋತು ಕೈಕಾಲು ಬಲಗುಂದುವ ಗಿಯಾಂ-ಬಾರೆ ಕಾಯಿಲೆಗೂ ಅದು ದಾರಿಯಾಗುತ್ತದೆ.

ಇಲ್ಲಿ ನಮ್ಮವರ ಪದ್ಧತಿಯೊಂದನ್ನು ಮುಟ್ಟಲೇಬೇಕು. ಕೋಳಿಯನ್ನು ಉಪ್ಪು, ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯದೆ ಒಲೆಗೇರಿಸುವುದು ಕೊಳಕು ಎಂದು ನಮ್ಮ ತಾಯಂದಿರು ಕಲಿಸಿದರು. ಅವರು ಹೇಳಿದ್ದು ಆ ಕಾಲಕ್ಕೆ, ಆ ಊರಿಗೆ ಸರಿ. ಅಂಗಡಿಯಲ್ಲಿ ಕಣ್ಣೆದುರು ಕಡಿದ ಕೋಳಿ ರಕ್ತ, ಪುಕ್ಕದ ಸಮೇತ ಬರುತ್ತಿತ್ತು. ಇಲ್ಲಿ ಪೊಟ್ಟಣದಲ್ಲಿ ಬರುವುದು ಆಗಲೇ ತೊಳೆದು ತಣ್ಣಗಾದದ್ದು. ನಲ್ಲಿಯ ಕೆಳಗೆ ಹಿಡಿದರೆ ಜೀವಿಗಳು ಸಾಯುವುದಿಲ್ಲ. ಕಣ್ಣಿಗೆ ಕಾಣದ ಹನಿಗಳಾಗಿ ಸಿಂಕಿಗೆ, ಪಕ್ಕದ ಕೋಸಂಬರಿಯ ಸೌತೆಕಾಯಿಗೆ, ಮಗುವಿನ ಹಾಲಿನ ಬಾಟಲಿಗೆ ಹಾರುತ್ತವೆ. ಅವನ್ನು ಕೊಲ್ಲುವುದು ಕಾವು, ನೀರಲ್ಲ. ಮನಸ್ಸು ಒಪ್ಪದಿದ್ದರೆ ಕಾಗದದ ಟವೆಲಿನಿಂದ ಒರೆಸಿ ಅದನ್ನು ಕಸಕ್ಕೆ ಹಾಕಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಅರಿಶಿನ, ಉಪ್ಪನ್ನು ಹೇಗೂ ರಾತ್ರಿಯೇ ಸವರಿದ್ದೇವಲ್ಲ! ಊರಿನಿಂದ ಬಂದಿರುವ ಅತ್ತೆಯವರಿಗೆ, ಅಮ್ಮನಿಗೆ ಇದನ್ನು ಹೇಳುವುದು ಸುಲಭವಲ್ಲವೆಂದು ಬಲ್ಲೆವು. "ನೀವು ಮಾಡಿದ್ದು ತಪ್ಪು" ಎನ್ನದೆ "ಇಲ್ಲಿಯ ಕೋಳಿ ತೊಳೆದೇ ಬರುತ್ತದೆ" ಎಂದರೆ ಮನೆಯ ಶಾಂತಿಯೂ ಉಳಿದೀತು, ಮಗುವಿನ ಹೊಟ್ಟೆಯೂ ಉಳಿದೀತು.

ಸಸ್ಯಾಹಾರಿ ಸದಸ್ಯರು ಈ ಪುಟವನ್ನು ಮಗುಚುವ ಮುನ್ನ ಎರಡು ಮಾತು ಕೇಳಬೇಕು. ಇದೇ ಗೊಜ್ಜು ಇಲ್ಲಿನ ಕೂಮರಾ ಗೆಣಸಿಗೆ, ಸಿಹಿಗುಂಬಳಕ್ಕೆ ಬಹಳ ಒಪ್ಪುತ್ತದೆ. ಆದರೆ ಹುಳಿ ಮೊದಲೇ ಬಿದ್ದರೆ ಬೇಳೆ ಬೇಯದು ಎಂಬುದು ನಿಮಗೆ ಗೊತ್ತೇ ಇದೆ. ಆಮ್ಲವಿದ್ದಲ್ಲಿ ತರಕಾರಿಯ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಗೆಣಸು ಬೆಂದ ಮೇಲೆಯೇ ಹುಣಸೆ, ಏಪ್ರಿಕಾಟ್ ಹಾಕಿ. ಎರಡನೆಯದು ಎಚ್ಚರಿಕೆ: ರಾಜ್ಮಾ ಕಾಳನ್ನು ಈ ಮಡಕೆಯಲ್ಲಿ ಹಸಿಯಾಗಿ ಹಾಕಲೇಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ಜೋರಾಗಿ ಕುದಿದರೆ ಮಾತ್ರ ನಾಶವಾಗುತ್ತದೆ. ಸಣ್ಣ ಕಾವಿನಲ್ಲಿ ಕಾಳು ಮೆತ್ತಗಾದರೂ ವಿಷ ಉಳಿಯುತ್ತದೆ. ನಾಲ್ಕೈದು ಕಾಳು ತಿಂದರೂ ಕೆಲವು ಗಂಟೆಗಳಲ್ಲಿ ವಿಪರೀತ ವಾಂತಿ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ಇಲ್ಲವೇ ನಮ್ಮ ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿ, ಆಮೇಲೆ ಮಡಕೆಗೆ ಹಾಕಿ.

ಕೊನೆಗೆ ಖರ್ಚಿನ ಮಾತು. ಇದರಿಂದ ಕರೆಂಟು ಬಹಳ ಉಳಿಯುತ್ತದೆಂದು ಅಂಗಡಿಯವರು ಹೇಳುವುದುಂಟು. 200 ವಾಟಿನ ಮಡಕೆ ಎಂಟು ಗಂಟೆ ಉರಿದರೆ 1.6 ಯೂನಿಟ್. ಓವನ್ನಿನಲ್ಲಿ ಒಂದು ಗಂಟೆ ಬೇಯಿಸಿದರೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹಣ ಉಳಿಯುತ್ತದೆಂದು ಕೊಳ್ಳಬೇಡಿ. ಉಳಿಯುವುದು ಸಂಜೆಯ ಒಂದು ಗಂಟೆ. ಆ ಗಂಟೆಯಲ್ಲಿ ಮಗುವಿನ ಕನ್ನಡ ಪಾಠ ಓದಿಸಬಹುದು, ಊರಿಗೆ ಫೋನು ಮಾಡಬಹುದು, ಸುಮ್ಮನೆ ಕೂರಲೂಬಹುದು.

ಶ್ರಾವಣ ಬಂದರೆ ನಮ್ಮಲ್ಲಿ ಹಲವರ ಮನೆಗೆ ಕೋಳಿ ಬರುವುದಿಲ್ಲ. ಅದಕ್ಕೆ ಮೊದಲೇ ಒಂದು ಭಾನುವಾರ, ಮನೆಯಲ್ಲೇ ಇದ್ದು ಮಾಡಿನೋಡಿ. ನಿಮ್ಮ ಮಡಕೆಯ ಕಾವಿನ ಅಂದಾಜು ಸಿಕ್ಕ ಮೇಲೆ ಕೆಲಸದ ದಿನಕ್ಕೆ ಏರಿಸಿ. ಬೆಲ್ಲ ಹೆಚ್ಚಾಯಿತೋ, ಹುಳಿ ಕಡಿಮೆಯಾಯಿತೋ, ಸಂಪಾದಕರ ವಿಳಾಸಕ್ಕೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ, ಈ ಚಳಿಯ ದೇಶದಲ್ಲಿ ದೋಸೆ ಹಿಟ್ಟು ಹುದುಗು ಬರಿಸುವ ಬಗೆಯನ್ನು ನೋಡೋಣ.