ಅದಿರಿನ ದುಡ್ಡು: ಯಾರನ್ನು ಕೇಳಿ ಖರ್ಚು?

ಅಂಗಡಿ ಇಟ್ಟವನಿಗೆ ಗಲ್ಲಾಪೆಟ್ಟಿಗೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ದಿನದ ವ್ಯಾಪಾರದಲ್ಲಿ ಬಂದದ್ದೆಲ್ಲ ಲಾಭವಲ್ಲ, ಅದರಲ್ಲಿ ಬಂಡವಾಳವೂ ಸೇರಿರುತ್ತದೆ. ಬಂದದ್ದನ್ನೆಲ್ಲ ಸಂಜೆಗೇ ಉಡಾಯಿಸಿ ಮಾಲು ತುಂಬಿಸದೆ ಹೋದವನ ಅಂಗಡಿಗೆ ಆರು ತಿಂಗಳಲ್ಲಿ ಬೀಗ. ಬಳ್ಳಾರಿಯ ಕೌಲ್ ಬಜಾರಿನ ಚಿಲ್ಲರೆ ವ್ಯಾಪಾರಿಗೂ ಗೊತ್ತಿರುವ ಈ ಸಂಗತಿ, ಜಿಲ್ಲೆಯ ಅದಿರಿನ ಲೆಕ್ಕ ಬರೆಯುವವರಿಗೂ ಗೊತ್ತಿರಬೇಕಲ್ಲವೆ?

ಜೋಳದ ಹೊಲವಾದರೆ ಮುಂದಿನ ಮಳೆಗೆ ಮತ್ತೆ ತೆನೆ ಬಿಡುತ್ತದೆ. ಸಂಡೂರಿನ ಗುಡ್ಡ ಬಿಡುವುದಿಲ್ಲ. ಒಂದು ಲಾರಿ ಅದಿರು ಕೆಳಗಿಳಿದರೆ ಒಂದು ಲಾರಿ ಗುಡ್ಡ ಹೋಯಿತು ಅಂತಲೇ ಲೆಕ್ಕ. ಅದಿರಿನಿಂದ ಬರುವುದು ಆದಾಯವಲ್ಲ, ಆಸ್ತಿ ಮಾರಿದ ದುಡ್ಡು. ಆಸ್ತಿ ಮಾರುವಾಗ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೇಳುವುದು ಈ ಸೀಮೆಯ ಪದ್ಧತಿ. ಚಿಕ್ಕ ಮಗನ ಪಾಲೂ ಅದರಲ್ಲಿರುತ್ತದೆ.

ಕೇಳದೆ, ಎತ್ತಿಡದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಕೋಲಾರದ ಚಿನ್ನದ ಗಣಿ ಸಾಕು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ನೂರಿಪ್ಪತ್ತು ವರ್ಷ ಅಲ್ಲಿ ಚಿನ್ನ ತೆಗೆದರು. 800 ಟನ್ನಿಗೂ ಮಿಗಿಲು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಓಡಿದ್ದು ಆ ಗಣಿಗೇ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಊರಿಗೆ ಉಳಿದದ್ದೇನು? ಸೈನೈಡ್ ಮಣ್ಣಿನ ದಿಬ್ಬಗಳು, ಮತ್ತು ಬೆಳಗಿನ ಜಾವವೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ರೈಲು ಹತ್ತುವ ಜನ. ಇಂಗ್ಲಿಷರ ಕಂಪನಿಯಾಗಲಿ, 1956ರ ಮೇಲೆ ಬಂದ ಸರ್ಕಾರಗಳಾಗಲಿ, ಗಣಿ ಮುಗಿದ ಮೇಲೆ ಊರು ಬದುಕಲಿ ಅಂತ ಒಂದು ಗಂಟು ಕಟ್ಟಿಡಲಿಲ್ಲ.

ಹಾಗೆ ಗಂಟು ಕಟ್ಟಿಟ್ಟ ದೇಶಗಳೂ ಇವೆ. ಉತ್ತರ ಸಮುದ್ರದಲ್ಲಿ ತೈಲ ಸಿಕ್ಕ ನಾರ್ವೆ 1990ರಲ್ಲಿ ಕಾನೂನು ಮಾಡಿ, 1996ರಿಂದ ನಿಧಿಗೆ ದುಡ್ಡು ಹಾಕುತ್ತಾ ಬಂತು. ಅದು ಶ್ರೀಮಂತರ ದೇಶ, ಬಿಡಿ ಅನ್ನಬಹುದು. ಇಂಡೊನೇಷ್ಯಾ ಪಕ್ಕದ ಪೂರ್ವ ತಿಮೋರ್ ಮಾತ್ರ ಬಡವರಲ್ಲಿ ಬಡ ದೇಶ. 2002ರಲ್ಲಿ ಸ್ವತಂತ್ರವಾದಾಗ ಸುಟ್ಟ ಮನೆಗಳು, ಹಾಳುಬಿದ್ದ ರಸ್ತೆಗಳು. ಜನಸಂಖ್ಯೆ ಇವತ್ತಿಗೂ 14 ಲಕ್ಷದ ಆಸುಪಾಸು. ಕೈಯಲ್ಲಿದ್ದದ್ದು ಸಮುದ್ರದಡಿಯ ತೈಲ, ಅನಿಲ ಮಾತ್ರ. ಹಸಿದವರು ಸಿಕ್ಕಿದ್ದನ್ನು ತಿಂದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಅವರು ಹಾಗೆ ಮಾಡಲಿಲ್ಲ. 2004ರಲ್ಲಿ ನಿಧಿಯ ಪ್ರಸ್ತಾವವನ್ನು ಜನರ ಮುಂದೆ ಇಟ್ಟರು. ಜಿಲ್ಲೆಗಳಲ್ಲಿ ಸಭೆ ಕರೆದು ಕೇಳಿದರು. ದುಡ್ಡು ಎಲ್ಲಿಡಬೇಕು, ವರ್ಷಕ್ಕೆ ಎಷ್ಟು ತೆಗೆಯಬೇಕು, ಕಾಯುವವರು ಯಾರು? 2005ರಲ್ಲಿ ಕಾನೂನಾಯಿತು. ತೈಲ ಸಂಪತ್ತಿನ ನೂರಕ್ಕೆ 3 ಪಾಲು ವರ್ಷದ ಖರ್ಚಿಗೆ ಹದ. ಅದಕ್ಕಿಂತ ಹೆಚ್ಚು ಬೇಕಾದರೆ ಪಾರ್ಲಿಮೆಂಟಿಗೆ ಕಾರಣ ಹೇಳಬೇಕು. ಸುಮಾರು 20 ಕೋಟಿ ಡಾಲರಿನಿಂದ ಶುರುವಾದ ಆ ನಿಧಿ 2023ರ ಕೊನೆಗೆ 1,800 ಕೋಟಿ ಡಾಲರಿನ ಆಸುಪಾಸಿನಲ್ಲಿತ್ತು.

ಹಾಗಂತ ಅಲ್ಲಿ ಎಲ್ಲವೂ ಸರಿಯಾಗಿದೆ ಅಂತಲ್ಲ. ವರ್ಷ ವರ್ಷ ಸರ್ಕಾರ ಹದ ಮೀರಿ ತೆಗೆಯುತ್ತಾ ಬಂದಿದೆ, ಹಳೆಯ ಬಾವಿಗಳು ಬತ್ತಿವೆ. ನಿಧಿ ಇನ್ನೆಷ್ಟು ವರ್ಷ ಅನ್ನುವ ಚಿಂತೆ ಅಲ್ಲಿಯವರನ್ನೂ ಕಾಡುತ್ತಿದೆ. ಆದರೆ ಹದ ಮೀರಿದ್ದು ಅಲ್ಲಿ ಗುಟ್ಟಲ್ಲ. ಗೆರೆ ಎಲ್ಲಿದೆ ಅಂತ ಮೊದಲೇ ಎಲ್ಲರಿಗೂ ಹೇಳಿದ್ದರಿಂದ, ದಾಟಿದ್ದೂ ಎಲ್ಲರಿಗೂ ಕಾಣುತ್ತದೆ. ಕೇಳಿ ಮಾಡಿದ ನಿಧಿಗೂ ಕೇಳದೆ ಮಾಡಿದ ನಿಧಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಬಳ್ಳಾರಿಗೂ ಒಂದು ಗಂಟಿದೆ. 2015ರ ಕಾನೂನಿನಂತೆ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಮಾಲೀಕರು ರಾಜಧನ ಕಟ್ಟುವುದಲ್ಲದೆ ಮೇಲೆ ಇನ್ನೊಂದು ಪಾಲು ಇದಕ್ಕೆ ಹಾಕಬೇಕು. 2015ರ ಜನವರಿ 12ಕ್ಕೆ ಹಿಂದಿನ ಗುತ್ತಿಗೆಯಾದರೆ ರಾಜಧನದ ನೂರಕ್ಕೆ 30, ಹರಾಜಿನಲ್ಲಿ ಪಡೆದದ್ದಾದರೆ 10. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ಹಾಳಾದ ಪರಿಸರ, ಇವುಗಳಿಗೆ ದೊಡ್ಡ ಪಾಲು ಮೊದಲು ಹೋಗಬೇಕು ಅಂತ ನಿಯಮ. ಬಾಧಿತರು ಯಾರು ಅನ್ನುವುದನ್ನು ಸಾಧ್ಯವಾದಷ್ಟು ಗ್ರಾಮಸಭೆಯವರನ್ನು ಕೇಳಿ ಗುರುತಿಸಬೇಕು ಅಂತಲೂ ಇದೆ. ಗಣಿ ಮುಗಿದ ಮೇಲೆ ಜನರ ಜೀವನಕ್ಕೆ ಅಂತ ಒಂದು ಭಾಗವನ್ನು ಶಾಶ್ವತ ನಿಧಿಯಾಗಿ ಎತ್ತಿಡುವುದಕ್ಕೂ ಅವಕಾಶವಿದೆ. ಕಾಗದದ ಮೇಲೆ ಎಲ್ಲವೂ ಚೆಂದ.

ಈಗ ತೋರಣಗಲ್ಲಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತವನನ್ನು ಕೇಳಿದರೆ ಗೊತ್ತಾಗುತ್ತದೆ. ಅವನ ಅಂಗಿಯ ಮೇಲೆ ಕೆಂಪು ಧೂಳಿದೆ. ಆ ಧೂಳಿನ ಹೆಸರಿನಲ್ಲಿ ಎಷ್ಟು ಜಮಾ, ಎಷ್ಟು ಖರ್ಚು, ಎಷ್ಟು ಎತ್ತಿಟ್ಟಿದ್ದಾರೆ? ಅವನಿಗೆ ಯಾರು ಹೇಳಿದ್ದಾರೆ? ಲೆಕ್ಕ, ಸಭೆಯ ನಡಾವಳಿ ಎಲ್ಲವನ್ನೂ ಜಾಲತಾಣದಲ್ಲಿ ಹಾಕಬೇಕು ಅಂತ ನಿಯಮವಿದೆ ನಿಜ. ಹಾಕಲಿ. ಆದರೆ ಅದೇ ಲೆಕ್ಕವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಬಸ್ ಸ್ಟ್ಯಾಂಡಿನ ಗೋಡೆಗೂ ಪಂಚಾಯ್ತಿ ಕಟ್ಟೆಗೂ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಆಗಬೇಕಾದದ್ದು ಇಷ್ಟು. ವರ್ಷದ ಯೋಜನೆಗೆ ಸಹಿ ಬೀಳುವ ಮುಂಚೆ ಗಣಿ ಸುತ್ತಿನ ಪ್ರತಿ ಊರಲ್ಲೂ ಗ್ರಾಮಸಭೆ ಕರೆಯಬೇಕು, ಅದೂ ಕೂಲಿಯವರು ಬರಲಾಗುವ ಹೊತ್ತಿನಲ್ಲಿ. ಜನ ಹೇಳಿದ್ದನ್ನು ಬರೆದುಕೊಳ್ಳಬೇಕು, ಒಪ್ಪದೇ ಇದ್ದದ್ದಕ್ಕೆ ಕಾರಣ ಕೊಡಬೇಕು. ಎತ್ತಿಡುವ ಪಾಲು ಎಷ್ಟು ಅಂತ ಮೊದಲು ಗೊತ್ತು ಮಾಡಿ, ಆಮೇಲೆ ಖರ್ಚಿನ ಮಾತು. ಕಾಂಪೌಂಡು, ಕಮಾನು, ಕಟ್ಟಡ ಕೇಳುವ ಪುಢಾರಿಗಳ ಸಾಲು ಯಾವತ್ತೂ ಉದ್ದ. ಎತ್ತಿಡಿ ಅಂತ ಕೇಳಬೇಕಾದ ಕೂಸು ಇನ್ನೂ ತೊಟ್ಟಿಲಲ್ಲಿದೆ, ಅದಕ್ಕೆ ಓಟಿಲ್ಲ.

ಗುಡ್ಡ ಖಾಲಿಯಾಗುವ ದಿನ ಬಂದೇ ಬರುತ್ತದೆ. ಅವತ್ತು ಸಂಡೂರಿನ ಹುಡುಗರೂ ಬುತ್ತಿ ಕಟ್ಟಿಕೊಂಡು ಬೆಳಗಿನ ರೈಲು ಹತ್ತಬೇಕೋ ಬೇಡವೋ ಅನ್ನುವುದು, ಇವತ್ತು ಯಾರನ್ನು ಕೇಳಿ ಖರ್ಚು ಮಾಡುತ್ತಾರೆ ಅನ್ನುವುದರ ಮೇಲೆ ನಿಂತಿದೆ.