ಜನರರಿಯದ ಬಸ್ಸು
ಶಿರಾಡಿ ಘಟ್ಟದ ಬುಡದಿಂದ ಪಶ್ಚಿಮಾಭಿಮುಖವಾಗಿ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿನ ನೆಲ್ಯಾಡಿಯಿಂದ ಕಡಲತಡಿಯ ಮಂಗಳೂರಿಗೆ ಸ್ವಂತ ಕಾರಿನಲ್ಲಿ ಹೊರಟು, ಹಂಪನಕಟ್ಟೆಯ ಇಕ್ಕಟ್ಟಿನಲ್ಲಿ ನಿಲುಗಡೆಯ ಸ್ಥಳವನ್ನರಸಿ ಬಳಲಿದವರಿಗೆ, ವಾಹನವನ್ನು ಪೇಟೆಯ ಹೊರಗೇ ಬಿಟ್ಟು ಬಸ್ಸನ್ನೇರುವ ಸೌಕರ್ಯದ ಮಹತ್ತ್ವವು ಮನವರಿಕೆಯಾಗದಿರದು. ಮೈಸೂರಿನಲ್ಲಿ ಆಷಾಢ ಶುಕ್ರವಾರಗಳಂದು ಲಲಿತಮಹಲ್ ಬಳಿಯ ಮೈದಾನದಲ್ಲಿ ವಾಹನಗಳನ್ನಿರಿಸಿ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಚಾಮುಂಡಿಬೆಟ್ಟವನ್ನೇರುವ ಪದ್ಧತಿಯು ಜನರಲ್ಲಿ ರೂಢಿಗೊಂಡುದಕ್ಕೆ, ಖಾಸಗಿ ವಾಹನಗಳ ನಿಷೇಧದಷ್ಟೇ, ಮುಂಚಿತವಾಗಿ ಹೊರಡಿಸುವ ಪ್ರಕಟಣೆಯೂ ಕಾರಣವೆಂದು ನನ್ನ ನಂಬಿಕೆ. ಕರಾವಳಿಯಲ್ಲಿ ಇಂಥದನ್ನು ಆರಂಭಿಸುವವರು ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡುಗಳ ನಿಲ್ದಾಣಗಳಲ್ಲಿ ನಿಲುಗಡೆಯ ಸ್ಥಳವನ್ನೂ ದರವನ್ನೂ ಕಡೆಯ ಬಸ್ಸಿನ ವೇಳೆಯನ್ನೂ ದಪ್ಪಕ್ಷರಗಳಲ್ಲಿ ಬರೆಸಲೇಬೇಕು. ಅದರಲ್ಲಿಯೂ ಕಡೆಯ ಬಸ್ಸಿನ ವೇಳೆಯನ್ನು, ಏಕೆಂದರೆ ರಾತ್ರಿ ದೂರದ ಊರಿಗೆ ಮರಳಬೇಕಾದವನು ಅದನ್ನರಿಯದೆ ತನ್ನ ಕಾರನ್ನು ಬಿಟ್ಟುಹೋಗಲು ಒಡಂಬಡಲಾರನು.