ಪ್ಯಾಡ್ ಹರಿಯುವ ಮರಿ

ಜೂನ್ ಬಂತೆಂದರೆ ಕೊಚ್ಚಿಯ ಕಾಕ್ಕನಾಡಾಗಲಿ, ತಿರುವನಂತಪುರದ ಕಳಕ್ಕೂಟ್ಟವಾಗಲಿ, ಫ್ಲ್ಯಾಟಿನ ನಾಯಿಮರಿಯನ್ನು ಹೊರಗೆ ಕರೆದೊಯ್ಯಲು ಮಳೆ ಬಿಡುವುದಿಲ್ಲ. ಲಸಿಕೆ ಪೂರ್ತಿಯಾಗದ ಮರಿಗೆ ಪಾರ್ವೋ, ಇಲಿಜ್ವರದ ಭಯ ಬೇರೆ. ಹಾಗಾಗಿ ಬಾಲ್ಕನಿಯಲ್ಲಿ ಪ್ಯಾಡ್ ಹಾಸುತ್ತೇವೆ. ಒಂದು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಅದು ಚಿಂದಿ.

ಕಸ ಗುಡಿಸಿದರಾಯಿತು, ಅದು ದೊಡ್ಡ ಮಾತಲ್ಲ. ಆದರೆ ಪ್ಯಾಡಿನೊಳಗೆ ನೀರು ಹೀರಿ ಉಬ್ಬುವ ಜೆಲ್ ಇರುತ್ತದೆ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ. ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಹರಿದ ಮೇಲೆ ಮರಿ ವಾಂತಿ ಮಾಡಿದರೆ, ಊಟ ಬಿಟ್ಟರೆ, ನಾಳೆ ನೋಡೋಣ ಎನ್ನಬೇಡಿ. ಅಂದೇ ಡಾಕ್ಟರಿಗೆ ತೋರಿಸಿ.

ಸುಮಾರು 3ರಿಂದ 6 ತಿಂಗಳು ಹಾಲುಹಲ್ಲು ಉದುರುವ ಕಾಲ. ಮರಿ ಏನಾದರೂ ಕಡಿಯಲೇಬೇಕು. ಕಡಿಯಲೆಂದೇ ಮಾಡಿದ ರಬ್ಬರ್ ಆಟಿಕೆಯನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ಕೊಡಿ. ಪ್ಯಾಡ್ ಕಚ್ಚಿಕೊಂಡು ಓಡಿದರೆ ಅಟ್ಟಿಸಿಕೊಂಡು ಹೋಗಬೇಡಿ, ಅದಕ್ಕೆ ಅದೇ ಆಟ. ತಿಂಡಿ ತೋರಿಸಿ ಬಿಡಿಸಿ. ಮೇಲೆ ಜಾಲರಿ ಇರುವ ಟ್ರೇ ತಂದರೆ ಪ್ಯಾಡಿನ ಅಂಚೇ ಬಾಯಿಗೆ ಸಿಗುವುದಿಲ್ಲ, ನನ್ನ ಓಟು ಅದಕ್ಕೇ. ಒಗೆಯುವ ಬಟ್ಟೆ ಪ್ಯಾಡೂ ಒಳ್ಳೆಯದು, ಆದರೆ ಈ ಮಳೆಯಲ್ಲಿ ಒಣಗಬೇಕಲ್ಲ!

ಮೆಣಸಿನ ಪುಡಿ ಹಚ್ಚಿ ಎನ್ನುವವರ ಮಾತು ಕೇಳಬೇಡಿ. ಮೂಗು ಉರಿದ ಮರಿ ಪ್ಯಾಡಿನ ಹತ್ತಿರವೂ ಸುಳಿಯುವುದಿಲ್ಲ, ಆಮೇಲೆ ನಿಮ್ಮ ಸೋಫಾವೇ ಗತಿ.